ಎಂಜಿನ್ನಿನ ಪ್ರಶ್ನೆ ಮತ್ತು ಮಾರುತ ಯುದ್ಧವಿಮಾನ

ಯುದ್ಧವಿಮಾನವೊಂದನ್ನು ಸ್ವದೇಶಿ ಎನ್ನಲು ಅದರ ಯಾವ ಭಾಗ ಸ್ವದೇಶದ್ದಾಗಿರಬೇಕು ಎಂಬ ಪ್ರಶ್ನೆಗೆ, ರೆಕ್ಕೆ ಮತ್ತು ಒಡಲಿನ ವಿನ್ಯಾಸ ಇಲ್ಲಿಯದಾದರೆ ಸಾಕು, ಎಂಜಿನ್ನನ್ನು ಹೊರಗಿನಿಂದ ತರಬಹುದು ಎಂಬ ಉತ್ತರ 1950ರ ದಶಕದ ಭಾರತಕ್ಕೆ ಸಹಜವಾಗಿಯೇ ತೋರಿತ್ತು. ಬೆಂಗಳೂರಿನಲ್ಲಿ ರೂಪುಗೊಂಡ, ಎರಡು ಎಂಜಿನ್‌ಗಳ ಎಚ್‌ಎಫ್-24 ಮಾರುತವು ಆ ಉತ್ತರಕ್ಕೆ ತೆತ್ತ ಬೆಲೆಯಾಗಿದ್ದು, ಅದನ್ನು ವಿಫಲ ವಿಮಾನವೆಂದು ಬದಿಗೆ ಸರಿಸುವ ರೂಢಿಯ ತೀರ್ಪು ತಪ್ಪನ್ನು ವಿಮಾನದ ಮೇಲೆ ಹೊರಿಸಿ, ನಿರ್ಧಾರಗಳ ಕ್ರಮದಲ್ಲಿದ್ದ ದೋಷವನ್ನು ಮರೆಯಿಸುತ್ತದೆ.

ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯು, ಅಂದರೆ ಇಂದಿನ ಎಚ್‌ಎಎಲ್, ಅಲ್ಲಿಯವರೆಗೆ ತಾನೇ ವಿನ್ಯಾಸಗೊಳಿಸಿ ಹಾರಿಸಿದ್ದ ಮುಖ್ಯ ವಿಮಾನವೆಂದರೆ ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ತಯಾರಾಗಿ 1951ರಲ್ಲಿ ಮೇಲೇರಿದ ಎಚ್‌ಟಿ-2 ಎಂಬ ತರಬೇತಿ ವಿಮಾನ. ವಾಯುಪಡೆ ಈಗ ಬಯಸಿದ್ದು ಶಬ್ದದ ಎರಡರಷ್ಟು ವೇಗದ ಯುದ್ಧವಿಮಾನ. ಎರಡನೆಯ ಮಹಾಯುದ್ಧದ ಫೋಕ್-ವುಲ್ಫ್ 190 ವಿಮಾನದ ವಿನ್ಯಾಸಕ ಕರ್ಟ್ ಟ್ಯಾಂಕ್ ಅದನ್ನು ರೂಪಿಸಲೆಂದು 1956ರಲ್ಲಿ ಬೆಂಗಳೂರಿಗೆ ಬಂದರು. ಮರದಲ್ಲಿ ಪೂರ್ಣ ಗಾತ್ರದ ಗ್ಲೈಡರ್ ಕಟ್ಟಿ ಅದರ ಹಾರಾಟದ ಗುಣಗಳನ್ನು ಪರೀಕ್ಷಿಸಿದ ಬಳಿಕ, 1961ರ ಜೂನ್ 17ರಂದು ಪರೀಕ್ಷಾ ಪೈಲಟ್ ಸುರಂಜನ್ ದಾಸ್ ಮೊದಲ ಮಾದರಿಯನ್ನು ಹಾರಿಸಿದರು. ಐದೇ ವರ್ಷಗಳ ಈ ಸಾಧನೆಯ ಕೀರ್ತಿಯನ್ನೆಲ್ಲ ಜರ್ಮನ್ ಹೆಸರಿಗೆ ಬರೆದುಕೊಡುವುದು, ನಕ್ಷೆಯನ್ನು ಲೋಹಕ್ಕಿಳಿಸಿದ ಸ್ಥಳೀಯ ಎಂಜಿನಿಯರುಗಳಿಗೂ ಕುಶಲಕರ್ಮಿಗಳಿಗೂ ಮಾಡುವ ಅನ್ಯಾಯವೇ ಸರಿ.

ತೊಡಕು ಇದ್ದದ್ದು ಒಡಲಿನೊಳಗೆ. ಟ್ಯಾಂಕ್ ತಮ್ಮ ವಿನ್ಯಾಸವನ್ನು ಬ್ರಿಟನ್ನಿನ ಬ್ರಿಸ್ಟಲ್ ಕಂಪನಿ ರೂಪಿಸುತ್ತಿದ್ದ ಆರ್ಫಿಯಸ್ 12 ಎಂಜಿನ್ನಿನ ಜೋಡಿಗೆ ಹೊಂದಿಸಿದ್ದರು. ಆಫ್ಟರ್‌ಬರ್ನರ್, ಅಂದರೆ ಟರ್ಬೈನ್ ದಾಟಿ ಬಂದ ಬಿಸಿ ಅನಿಲದಲ್ಲಿ ಇನ್ನೊಮ್ಮೆ ಇಂಧನ ಸುರಿದು ಉರಿಸುವ ವ್ಯವಸ್ಥೆಯೊಂದಿಗೆ, ಅದರಿಂದ ತಲಾ ಸುಮಾರು 3,700 ಕಿಲೋ ನೂಕುಬಲ ನಿರೀಕ್ಷಿತವಾಗಿತ್ತು. ಅದನ್ನು ಪೂರ್ಣಗೊಳಿಸುವ ಖರ್ಚನ್ನು ಭಾರತ ಭರಿಸಬೇಕೆಂಬ ಮಾತು ಬಂದಾಗ ದೆಹಲಿ ಒಪ್ಪಲಿಲ್ಲವಾದ್ದರಿಂದ ಆ ಎಂಜಿನ್ ಬರಲೇ ಇಲ್ಲ. ನ್ಯಾಟ್ ವಿಮಾನಕ್ಕಾಗಿ ಪರವಾನಗಿಯ ಮೇಲೆ ತಯಾರಿಸುತ್ತಿದ್ದ ಆರ್ಫಿಯಸ್ ಕುಟುಂಬದ್ದೇ ಆದ, ಸುಮಾರು 2,200 ಕಿಲೋ ನೂಕುಬಲದ 703 ಮಾದರಿ ಅದರ ಜಾಗಕ್ಕೆ ಬಂತು. ಶಬ್ದವೇಗದ ಎರಡರಷ್ಟನ್ನು ಉದ್ದೇಶಿಸಿದ್ದ ಒಡಲು, ಸಮತಲ ಹಾರಾಟದಲ್ಲಿ ಶಬ್ದವೇಗದ ಆಸುಪಾಸಿನಲ್ಲೇ ಉಳಿಯಿತು. ಹಣದ ಅಭಾವ ಸುಳ್ಳಲ್ಲ. ಆದರೂ ವಿಮಾನಕ್ಕೆ ಸಮ್ಮತಿಸಿ ಅದರ ಎಂಜಿನ್ನಿಗೆ ಹಿಂಜರಿದ ಈ ಲೆಕ್ಕಾಚಾರವನ್ನು ಮಿತವ್ಯಯವೆಂದು ಸಮರ್ಥಿಸುವುದು ಕಷ್ಟ.

ಮುಂದಿನ ಹತ್ತು ವರ್ಷ ಒಡಲಿಗೆ ಎಂಜಿನ್ ಹುಡುಕುವುದರಲ್ಲಿ ಕಳೆಯಿತು. ಈಜಿಪ್ಟಿನಲ್ಲಿ ಆಸ್ಟ್ರಿಯಾದ ಫರ್ಡಿನಾಂಡ್ ಬ್ರಾಂಡ್ನರ್ ರೂಪಿಸುತ್ತಿದ್ದ ಇ-300 ಎಂಜಿನ್ನನ್ನು ಮಾರುತವೊಂದಕ್ಕೆ ಜೋಡಿಸಿ ಹಾರಿಸಲಾಯಿತಾದರೂ ಆ ಯೋಜನೆಯೇ ಕೊನೆಗೆ ನಿಂತುಹೋಯಿತು. ಆರ್ಫಿಯಸ್‌ಗೆ ದೇಶದಲ್ಲೇ ಆಫ್ಟರ್‌ಬರ್ನರ್ ಅಳವಡಿಸುವ ಪ್ರಯತ್ನವೂ ನಡೆಯಿತು. ಅಂಥ ಒಂದು ಮಾದರಿ 1970ರ ಜನವರಿಯಲ್ಲಿ ಅಪಘಾತಕ್ಕೀಡಾಗಿ, ಮಾರುತವನ್ನು ಮೊದಲು ಹಾರಿಸಿದ್ದ ಸುರಂಜನ್ ದಾಸ್ ಅವರೇ ಅದರಲ್ಲಿ ಮೃತಪಟ್ಟರು.

ಇಷ್ಟಾಗಿಯೂ 147 ಮಾರುತಗಳು ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನ ಮತ್ತು ಸಿಂಧ್ ರಂಗದಲ್ಲಿ ಅವು ನೆಲದ ಗುರಿಗಳ ಮೇಲೆ ದಾಳಿ ನಡೆಸಿದವು. ಕೆಳಮಟ್ಟದಲ್ಲಿ ಸ್ಥಿರವಾಗಿ ಸಾಗುವ ಗುಣವೂ, ನಾಲ್ಕು 30 ಮಿಲಿಮೀಟರ್ ಫಿರಂಗಿಗಳೂ ಆ ಕೆಲಸಕ್ಕೆ ಒದಗಿಬಂದವು. ನಾಲ್ಕನ್ನೂ ಒಟ್ಟಿಗೆ ಹಾರಿಸಿದರೆ ಒಡಲಿಗೇ ಪೆಟ್ಟು ತಟ್ಟುತ್ತಿತ್ತೆಂಬ ದೋಷವನ್ನೂ ಇಲ್ಲಿ ಮುಚ್ಚಿಡಬೇಕಿಲ್ಲ. ಆಕಾಶಯುದ್ಧದಲ್ಲಿ ಒಂದೂ ಮಾರುತ ಬೀಳಲಿಲ್ಲ, ಬದಲಿಗೆ ಮಾರುತದ ಪೈಲಟ್ ಕೆ. ಕೆ. ಬಕ್ಷಿ ಡಿಸೆಂಬರ್ 7ರಂದು ಪಾಕಿಸ್ತಾನದ ಸೇಬರ್ ವಿಮಾನವೊಂದನ್ನು ಉರುಳಿಸಿದರು. ನೆಲದಿಂದ ಬಂದ ಗುಂಡು ತಗುಲಿ ಒಂದು ಎಂಜಿನ್ ನಿಂತಾಗಲೂ ಇನ್ನೊಂದರ ಬಲದಿಂದ ನೆಲೆಗೆ ಮರಳಿದ ಮಾರುತಗಳಿವೆ. ವೇಗಕ್ಕೆಂದು ಇಟ್ಟ ಎರಡನೆಯ ಎಂಜಿನ್ ವೇಗವನ್ನು ಕೊಡದೆ ಪೈಲಟ್‌ಗಳ ಜೀವ ಉಳಿಸಿತು. ಬಯಸಿದ್ದಕ್ಕೆ ಹೋಲಿಸಿದರೆ ಸೋತಂತೆಯೂ, ಮಾಡಿದ ಕೆಲಸವನ್ನು ನೋಡಿದರೆ ಗೆದ್ದಂತೆಯೂ ತೋರುವ ಇಂಥ ಯಂತ್ರವನ್ನು ಮೊದಲನೆಯ ಅಳತೆಗೋಲಿನಿಂದ ಮಾತ್ರ ಅಳೆಯುವುದು ಸರಿಯಲ್ಲ.

ಪರವಾನಗಿಯ ತಯಾರಿಕೆಯಿಂದ ಎಂಜಿನ್ನಿನ ವಿದ್ಯೆ ತಾನಾಗಿ ಕೈಗೂಡುತ್ತದೆಂಬ ಆಕ್ಷೇಪವೊಂದುಂಟು. ಆದರೆ ಪರವಾನಗಿಯ ನಕ್ಷೆ ಟರ್ಬೈನ್ ಅಲಗು ಯಾವ ಅಳತೆಯಲ್ಲಿರಬೇಕೆಂದು ಹೇಳುತ್ತದೆಯೇ ಹೊರತು, ಇನ್ನಷ್ಟು ಕಾವಿಗೆ ಅದನ್ನು ಹೇಗೆ ಒಗ್ಗಿಸಬೇಕೆಂದು ಹೇಳುವುದಿಲ್ಲ. ಬೆಂಗಳೂರು ಆರ್ಫಿಯಸ್ಸನ್ನು ತಯಾರಿಸುತ್ತಿದ್ದರೂ ಮಾರುತಕ್ಕೆ ಬೇಕಿದ್ದಂತೆ ಬೆಳೆಸಲಾರದೆ ಹೋದದ್ದು ಇದಕ್ಕೇ. ಮಾರುತಗಳು 1980ರ ದಶಕದಲ್ಲಿ ಸೇವೆಯಿಂದ ಸರಿಯತೊಡಗಿದ ಮೇಲೂ ಆರ್ಫಿಯಸ್ ಎಂಜಿನ್, ವೇಗದ ಹಂಗಿಲ್ಲದ ಕಿರಣ್ ಮಾರ್ಕ್ 2 ತರಬೇತಿ ವಿಮಾನದಲ್ಲಿ ಹಾರುತ್ತಲೇ ಇತ್ತು. ಆ ವಿಮಾನಗಳನ್ನು ಹಾರಿಸುತ್ತಿದ್ದ, ವಾಯುಪಡೆಯ ಬೀದರ್‌ನ ಸೂರ್ಯಕಿರಣ್ ತಂಡದ ಕಸರತ್ತುಗಳಲ್ಲಿ ಜನ ಕತ್ತೆತ್ತಿ ಕೇಳುತ್ತಿದ್ದದ್ದು ಅದರದೇ ಸದ್ದು.