ನಕಾಶೆಯ ದೀರ್ಘ ಪ್ರಬಂಧ
ದೀರ್ಘವಾದ ಬರಹವನ್ನು ಇಂದಿನ ಓದುಗನು ಸಹಿಸಲಾರನೆಂಬ ಮಾತನ್ನು ನಾನು ಒಪ್ಪಲಾರೆನು. ಹಿಂದೆ ಆಪಲ್ ಸಂಸ್ಥೆಯ ನಕಾಶಾ ವಿಭಾಗದಲ್ಲಿ ದುಡಿದ ಜಸ್ಟಿನ್ ಓಬೇರ್ನ್ ಅವರು 2017ರ ಡಿಸೆಂಬರಿನಲ್ಲಿ ಗೂಗಲ್ ಮ್ಯಾಪ್ಸನ್ನು ಕುರಿತು ಪ್ರಕಟಿಸಿದ ಸುದೀರ್ಘ ಪ್ರಬಂಧವನ್ನೇ ನೋಡಿರಿ: ಆಗಸದಿಂದ ತೆಗೆದ ಚಿತ್ರಗಳಿಂದ ಕಟ್ಟಡಗಳ ಆಕಾರವನ್ನೂ, ಬೀದಿಬೀದಿಗಳಲ್ಲಿ ಸಂಚರಿಸುವ ವಾಹನಗಳು ಸೆರೆಹಿಡಿದ ಚಿತ್ರಗಳಿಂದ ಅಂಗಡಿಗಳ ವಿವರವನ್ನೂ ಸಂಗ್ರಹಿಸಿ, ಅವೆರಡನ್ನೂ ಸಂಯೋಜಿಸಿ, ವಾಣಿಜ್ಯದ ಬೀದಿಗಳಿಗೆ ನಸುಗಿತ್ತಳೆಯ ಛಾಯೆಯನ್ನು ಕೊಡುವ ಕ್ರಮವನ್ನು, ನಕಾಶೆಗಳನ್ನು ಪಕ್ಕಪಕ್ಕದಲ್ಲಿಟ್ಟು, ಅವರು ಹಂತಹಂತವಾಗಿ ವಿಶದಪಡಿಸಿದರು. ಬರಿಯ ಅಲಂಕಾರವೆಂದು ನಾವು ಭಾವಿಸಿದ್ದ ಆ ಬಣ್ಣದ ಹಿಂದೆ ಇಷ್ಟೊಂದು ಪರಿಶ್ರಮವಿದೆಯೆಂದು ಅರಿತಾಗ ಉಂಟಾಗುವ ತೃಪ್ತಿಯು ಸಂಕ್ಷೇಪದಿಂದ ದೊರೆಯತಕ್ಕದ್ದಲ್ಲ. ವಿವರಗಳು ಯಾವ ಪ್ರಶ್ನೆಗೂ ಉತ್ತರವಾಗದೆ ಬರಿದೆ ರಾಶಿಬಿದ್ದಾಗ ಮಾತ್ರ ಓದುಗನು ದಣಿಯುತ್ತಾನೆ. ನಮ್ಮ ಪತ್ರಿಕೆಗಳೂ ಇಂಥ ಬರಹಗಳಿಗೆ ಪುಟಗಳನ್ನು ಮೀಸಲಿಡಬೇಕೆಂದು ಸಂಪಾದಕರಲ್ಲಿ ಪ್ರಾರ್ಥಿಸುತ್ತೇನೆ.