‘ಬೇಕು’ ಮತ್ತು ‘ಮಸ್ಟ್’: ಕಡ್ಡಾಯ ಹಾಗೂ ಆಯ್ಕೆಯ ಅಭಿವ್ಯಕ್ತಿ

ಇಂಗ್ಲಿಷ್ ಕಲಿಯುವ ಕನ್ನಡ ವಿದ್ಯಾರ್ಥಿಗಳು ಎಡವುವ ನೆಲೆಗಳಲ್ಲಿ ಕಡ್ಡಾಯವನ್ನೂ ಸ್ವಂತ ಆಯ್ಕೆಯನ್ನೂ ಸೂಚಿಸುವ ಕ್ರಿಯಾರೂಪಗಳು ಮುಖ್ಯವಾದವು. ‘ಬೇಕು’ ಎಂದರೆ ‘ಮಸ್ಟ್’ ಎಂದು ಬಾಯಿಪಾಠ ಮಾಡಿಸುವ ಬೋಧನಾಕ್ರಮ ಇದಕ್ಕೆ ಒಂದು ಕಾರಣ. ಇಂಥ ಸೂಕ್ಷ್ಮ ವ್ಯತ್ಯಾಸಗಳು ಕನ್ನಡದಲ್ಲಿಲ್ಲ ಎಂಬ ಗ್ರಹಿಕೆ ಈ ಕ್ರಮದ ಹಿಂದಿದೆ. ಆಡುಮಾತನ್ನು ಪರಿಶೀಲಿಸಿದರೆ ಈ ಗ್ರಹಿಕೆ ನಿಲ್ಲುವುದಿಲ್ಲ.

ಹಳಗನ್ನಡದ ‘ಬೇಳ್ಕುಂ’ ರೂಪದಿಂದ ಬಂದ ‘ಬೇಕು’, ‘ಬೇಡು’ ಧಾತುವಿನ ಬಳಗಕ್ಕೆ ಸೇರಿದ್ದು. ಬಯಕೆ, ಅಗತ್ಯ ಎರಡೂ ಅದರಲ್ಲಿ ಅಡಗಿವೆ. ಅವನ್ನು ಬೇರ್ಪಡಿಸುವ ಕೆಲಸವನ್ನು ವಿಭಕ್ತಿಗಳೂ ಜೊತೆಗೆ ಬರುವ ಕ್ರಿಯಾಪದಗಳೂ ನಿರ್ವಹಿಸುತ್ತವೆ. ಬೆಳಗಾವಿ ಜಿಲ್ಲೆಯ ಗೋಕಾಕ-ಹುಕ್ಕೇರಿ ಭಾಗದ ಘೋಡಗೇರಿಯಂತಹ ಊರುಗಳ ಕನ್ನಡದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ‘ರಾತ್ರಿ ಕರೆಂಟ್ ಕೊಡ್ತಾರ, ರಾತ್ರೀನ ಕಬ್ಬಿಗೆ ನೀರ ಹಾಯಿಸಬೇಕಾಗೈತಿ’ ಎಂಬ ಮಾತಿನಲ್ಲಿ ಒತ್ತಡ ಹೊರಗಿನದು. ‘ಎರಡ ಎಕರೆದಾಗ ಗೊಂಜಾಳ ಹಾಕಬೇಕಂತ ಮಾಡೇನಿ’ ಎಂದಾಗ ನಿರ್ಧಾರ ಆಡುವವನದೇ. ‘ನಂಗ ಪ್ಯಾಟಿಗೆ ಹೋಗೂದೈತಿ’ ಎಂಬುದು ಮೊದಲೇ ಗೊತ್ತುಮಾಡಿಕೊಂಡ ಕೆಲಸವನ್ನು ಸೂಚಿಸುತ್ತದೆ. ಈ ರಚನೆ ಮರಾಠಿಯ ‘ಮಲಾ ಜಾಯ್ಚಂ ಆಹೇ’ ಎಂಬುದಕ್ಕೆ ಹತ್ತಿರವಾದುದು.

ಇಂಗ್ಲಿಷಿನ ವಿಂಗಡಣೆಯೂ ಇದಕ್ಕೆ ತೀರ ದೂರದ್ದಲ್ಲ. ಆಡುವವನೇ ಹೊರಿಸುವ ಕಡ್ಡಾಯಕ್ಕೆ ಸಾಮಾನ್ಯವಾಗಿ ‘ಮಸ್ಟ್’, ಹೊರಗಿನಿಂದ ಬಂದುದಕ್ಕೆ ‘ಹ್ಯಾವ್ ಟು’, ಸಲಹೆಗೆ ‘ಶುಡ್’, ಬಯಕೆಗೆ ‘ವಾಂಟ್ ಟು’ ಬಳಕೆಯಾಗುತ್ತವೆ. ‘ಹಾಯಿಸಬೇಕಾಗೈತಿ’ ಎನ್ನುವ ಬಾಲಕನಿಗೆ ‘ಹ್ಯಾವ್ ಟು’ವಿನ ಅರ್ಥ ಆಗಲೇ ತಿಳಿದಿದೆ, ಅದರ ಹೆಸರಷ್ಟೇ ತಿಳಿಯದು.

ಈ ತಿಳಿವಳಿಕೆಯನ್ನು ಬಳಸಿಕೊಳ್ಳದಿರುವುದರ ನಷ್ಟ ನಿಷೇಧರೂಪಗಳಲ್ಲಿ ಎದ್ದು ಕಾಣುತ್ತದೆ. ‘ಬರಬಾರದು’ ಎಂಬುದು ತಡೆ. ‘ಬರಬೇಕಂತೇನಿಲ್ಲ’ ಎಂಬುದು ಬಿಡುವು, ಅಂದರೆ ಆಯ್ಕೆ. ‘ಬೇಕು’ ಎಂದರೆ ‘ಮಸ್ಟ್’ ಎಂದಷ್ಟೇ ಕಲಿತವನು ಎರಡನೆಯದನ್ನೂ ‘ಮಸ್ಟ್ ನಾಟ್’ ಎಂದುಬಿಡುತ್ತಾನೆ. ಕೇಳುವವರಿಗೆ ಕೊಟ್ಟ ಸ್ವಾತಂತ್ರ್ಯ ಅಪ್ಪಣೆಯಾಗಿ ಮುಟ್ಟುತ್ತದೆ. ‘ರಜೆ ಮಂಜೂರು ಮಾಡಬೇಕಾಗಿ ವಿನಂತಿ’ ಎಂಬ ವಿನಯದ ಮಾತು ‘ಯೂ ಮಸ್ಟ್’ ಎಂದು ಅನುವಾದಗೊಂಡಾಗ ಉದ್ಧಟತನವಾಗಿ ತೋರುತ್ತದೆ. ಇಲ್ಲಿ ಸೋಲುವುದು ವಿದ್ಯಾರ್ಥಿಯ ವ್ಯಾಕರಣಜ್ಞಾನ ಮಾತ್ರವಲ್ಲ, ಆತನ ನಡತೆಯ ಬಗೆಗಿನ ಅನ್ಯರ ಅಭಿಪ್ರಾಯವೂ ಕೆಡುತ್ತದೆ.

ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಒಂದು ಭಾಷೆಯಾಗಿ ಪ್ರವೇಶಿಸಿತು. ಈ ಬೋಧನೆಗೆ ನೆರವಾಗುವ ಕನ್ನಡದ ವಿವರಣೆಯನ್ನು ಒದಗಿಸುವ ಹೊಣೆ ಇಂಗ್ಲಿಷ್ ವಿಭಾಗಗಳದ್ದೆಂದು ಕನ್ನಡ ವಿಭಾಗಗಳು ಸುಮ್ಮನಿರುವುದು ಸರಿಯಲ್ಲ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣದ ಅಗತ್ಯವಿದೆಯೆಂದು ಡಿ. ಎನ್. ಶಂಕರ ಭಟ್ಟರು ಪ್ರತಿಪಾದಿಸಿದ್ದಾರೆ. ಆ ವ್ಯಾಕರಣ ಉಪಭಾಷೆಗಳ ‘ಬೇಕಾಗೈತಿ’, ‘ಬೇಕಂತ ಮಾಡೇನಿ’ಗಳನ್ನು ಅಶಿಷ್ಟವೆಂದು ಬದಿಗಿಡದೆ ಅವುಗಳ ಅರ್ಥವ್ಯವಸ್ಥೆಯನ್ನು ದಾಖಲಿಸಬೇಕು, ಶಿಕ್ಷಕರ ತರಬೇತಿಯಲ್ಲಿ ಅದಕ್ಕೆ ಸ್ಥಾನ ದೊರೆಯಬೇಕು. ಮನೆಮಾತಿನಲ್ಲಿರುವ ವಿವೇಕವನ್ನು ಅಲ್ಲಗಳೆದು ಕಲಿಸಿದ ಇಂಗ್ಲಿಷ್ ಬಾಯಿಪಾಠವಾಗಿಯೇ ಉಳಿಯುತ್ತದೆ.