ಮುಖಫಲಕದ ಮೇಲಿನ ಹೆಸರು

ಕೈಗಡಿಯಾರವನ್ನು ಮನೆಯಲ್ಲೇ ಜೋಡಿಸುವ ಹವ್ಯಾಸ ಪವಾಯಿಯ ನಮ್ಮಂಥವರ ಮೇಜಿಗೂ ಬಂದಿದೆ. ಜಪಾನಿನ ಸೀಕೊ ಸಮೂಹದ ಎನ್‌ಎಚ್ 35 ಯಂತ್ರ, ಬಿಡಿಯಾಗಿ ಸಿಗುವ ಉಕ್ಕಿನ ಕವಚ, ಮುಳ್ಳುಗಳು, ಚಿಮಟ, ಭೂತಗನ್ನಡಿ, ಜೊತೆಗೆ ತಾಳ್ಮೆ ಇದ್ದರೆ ಸಾಕು. ನಾವು ಮಾದರಿಯಾಗಿ ಆರಿಸಿಕೊಂಡದ್ದು, ಸ್ವಿಟ್ಜರ್ಲೆಂಡಿನ ಓಡ್‌ಮಾರ್ ಪಿಗೆ ಸಂಸ್ಥೆಗಾಗಿ ಜೆರಾಲ್ಡ್ ಜೆಂಟಾ ರೂಪಿಸಿ, 1972ರಲ್ಲಿ ಹೊರಬಂದ ರಾಯಲ್ ಓಕ್. ಎಂಟು ಮೂಲೆಯ ಅಂಚು, ಅದರ ಮೇಲೆ ಎಂಟು ತಿರುಪುಗಳು ಅದರ ಗುರುತು.

ಇದು ಕಳ್ಳತನವಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ರಾಯಲ್ ಓಕ್‌ನೊಳಗೆ ಮಿಡಿದ ಯಂತ್ರದ ಮೂಲವೂ ಜೇಗರ್-ಲೆಕುಲ್ತ್ರ್ ಎಂಬ ಮತ್ತೊಂದು ಸಂಸ್ಥೆಯದು. ನಮ್ಮ ಬೆಂಗಳೂರಿನ ಎಚ್‌ಎಂಟಿ 1961ರಲ್ಲಿ ಗಡಿಯಾರ ತಯಾರಿಕೆಗೆ ತೊಡಗಿದ್ದು ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ. ಇಬ್ಬರೂ ಪರರಿಂದ ಪಡೆದರು, ಮುಖಫಲಕದ ಮೇಲೆ ತಮ್ಮ ಹೆಸರನ್ನೇ ಬರೆದರು.

ನಮ್ಮ ಅಭಿಪ್ರಾಯದಲ್ಲಿ ಗೆರೆ ಎಳೆಯಬೇಕಾದದ್ದು ಅಲ್ಲಿಯೇ. ರೂಪವನ್ನು ಅನುಸರಿಸಿ ಕೈ ಪಳಗಿಸಿಕೊಳ್ಳುವುದು ಕಲಿಕೆ. ಪ್ರಸಿದ್ಧ ಸಂಸ್ಥೆಯ ಹೆಸರನ್ನು ಫಲಕಕ್ಕೆ ಅಂಟಿಸಿದ ಕ್ಷಣ ಅದು ಖೋಟಾ ಮಾಲು. 1999ರ ವ್ಯಾಪಾರ ಚಿಹ್ನೆ ಕಾಯ್ದೆಯೂ ಅದನ್ನು ಅಪರಾಧವೆಂದೇ ಎಣಿಸುತ್ತದೆ. ಮಾರಾಟಕ್ಕಿಳಿದರೆ ರೂಪದ ಋಣಕ್ಕೂ ಲೆಕ್ಕ ಕೊಡಬೇಕಾದೀತು. ಆದ್ದರಿಂದ ಇದು ಮಾರುವ ವಸ್ತುವಲ್ಲ.

ನಮ್ಮ ಫಲಕದ ಮೇಲೆ ಯಾರ ಹೆಸರೂ ಇಲ್ಲ. ೧ರಿಂದ ೧೨ರವರೆಗೆ ಕನ್ನಡದ ಅಂಕಿಗಳಿವೆ. ಅದರಿಂದ ಗಡಿಯಾರದ ಬೆಲೆ ಏರಲಿಲ್ಲ. ಆದರೆ ಕಾಂಜುರ್‌ಮಾರ್ಗ್ ನಿಲ್ದಾಣದಲ್ಲಿ ಯಾರಾದರೂ ಮಣಿಕಟ್ಟು ನೋಡಿ "ಯಾವ ಕಂಪನಿಯದು?" ಎಂದರೆ, ತಡವರಿಸದೆ ಉತ್ತರಿಸಬಹುದು.